ಮಂಗಳೂರಿನ ಮಳೆಗೆ ಯಾವ ಮಾಡಿನ ಕಾರು? ಸಾಫ್ಟ್ ಟಾಪ್, ಹಾರ್ಡ್ ಟಾಪ್ ಲೆಕ್ಕಾಚಾರ

ಮಂಗಳೂರು, ಉಡುಪಿ ಕಡೆ ಯಾರಾದರೂ ಮಾಡು (ಛಾವಣಿ) ತೆರೆಯುವ ಕನ್ವರ್ಟಿಬಲ್ ಕಾರು ತಗೊಳ್ತೇನೆ ಅಂದರೆ ಬೆಲೆ ಎಷ್ಟು ಅಂತ ಯಾರೂ ಮೊದಲು ಕೇಳುವುದಿಲ್ಲ. "ಮಳೆಗಾಲದಲ್ಲಿ ಏನು ಮಾಡ್ತಿ ಮಾರಾಯ?" ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಬೆಂಗಳೂರಿನಲ್ಲಿ ಬೀಳುವುದು 1,000ದ ಆಸುಪಾಸು. ಮಳೆಗೆ ಹೆಸರಾದ ಲಂಡನ್‌ನಲ್ಲೂ 600ರ ಹತ್ತಿರ ಮಾತ್ರ. ನಮ್ಮದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

ಹಾಗಂತ ಉಳಿದ ತಿಂಗಳನ್ನು ಮರೆಯಬಾರದು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಮೇ ಕೊನೆಗೆ ಪತ್ತನಾಜೆ ಬಂದು ಗೆಜ್ಜೆ ಬಿಚ್ಚುವವರೆಗೆ, ಬಯಲಲ್ಲಿ ಕೂತು ಆಟ ನೋಡಬಹುದಾದ ರಾತ್ರಿಗಳೆಲ್ಲ ಮಾಡು ತೆಗೆದು ಕಾರು ಓಡಿಸಲಿಕ್ಕೂ ಆಗುತ್ತದೆ. ಮಧ್ಯಾಹ್ನದ ಮಾತು ಬಿಡಿ, ಏಪ್ರಿಲ್ ಬಿಸಿಲಲ್ಲಿ ಮಾಡು ತೆಗೆಯುವವರಿಗೆ ಯಾರೂ ಬುದ್ಧಿ ಹೇಳಲಿಕ್ಕಾಗದು. ಬೆಳಿಗ್ಗೆ ಆರು ಗಂಟೆಗೆ ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ಮೇಲೆ ಬರೀ ಆಕಾಶ. ಇದಕ್ಕೋಸ್ಕರ ದುಡ್ಡು ಹಾಕುವವರನ್ನು ನಾನಂತೂ ಹುಚ್ಚರು ಅನ್ನುವುದಿಲ್ಲ.

ಕಾರು ತಗೊಳ್ಳಬೇಕಾ ಬೇಡವಾ ಎನ್ನುವುದನ್ನು ನಿಮ್ಮ ಮನೆಯವರಿಗೆ ಬಿಡುತ್ತೇನೆ. ತಗೊಳ್ಳುವುದಾದರೆ ಬಟ್ಟೆಯ ಮಾಡೋ, ಲೋಹದ ಮಾಡೋ ಎನ್ನುವುದಷ್ಟೇ ಇಲ್ಲಿನ ವಿಷಯ. ಲೋಹವಾದರೆ ಸೋರುವುದಿಲ್ಲ ಅಂತ ಇದರಲ್ಲಿ ಹೆಚ್ಚಿನವರು ಯೋಚಿಸುವ ರೀತಿ ನಮ್ಮ ಊರಿಗೆ ಹೊಂದುವುದಿಲ್ಲ ಅಂತ ನನಗನ್ನಿಸುತ್ತದೆ.

ಶೋರೂಂನಲ್ಲಿ ಹಾರ್ಡ್ ಟಾಪ್ ಅಂದಾಗ ಮೂರು ಬೇರೆ ಬೇರೆ ವಸ್ತುಗಳಲ್ಲಿ ಯಾವುದೂ ಆಗಿರಬಹುದು. ಗುಂಡಿ ಒತ್ತಿದರೆ ಲೋಹದ ಹಲಗೆಗಳು ತಾವಾಗಿ ಮಡಚಿ ಡಿಕ್ಕಿಯೊಳಗೆ ಹೋಗುವುದು ಒಂದು; ಹಳೆಯ ಮರ್ಸಿಡಿಸ್ ಎಸ್‌ಎಲ್‌ಕೆಯಲ್ಲಿ ಇರುವುದು ಇದೇ. ಜೀಪ್ ರಾಂಗ್ಲರ್‌ನ ಹಾಗೆ ಬೋಲ್ಟ್ ಬಿಚ್ಚಿ ಇಬ್ಬರು ಎತ್ತಿ ಮನೆಯಲ್ಲೇ ಬಿಟ್ಟು ಹೋಗುವುದು ಇನ್ನೊಂದು. ಮಣಿಪಾಲ ದಾಟುವಷ್ಟರಲ್ಲಿ ಮೋಡ ಕಟ್ಟಿದರೆ ಆ ಮಾಡು ಮನೆಯ ಶೆಡ್ಡಿನಲ್ಲಿ ಬೆಚ್ಚಗೆ ಒರಗಿಕೊಂಡಿರುತ್ತದೆ, ನೀವು ನೆನೆಯುತ್ತೀರಿ. ಮೂರನೆಯದು ಮಹೀಂದ್ರ ಥಾರ್‌ನದ್ದು. ಅದು ತೆರೆಯುವುದೇ ಇಲ್ಲ, ಸದಾ ಮುಚ್ಚಿದ ಮಾಡು. ಥಾರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ ಗುಂಡಿ ಒತ್ತಿ ತೆರೆಯುವ ಬಟ್ಟೆಯ ಮಾಡು, ಲೋಹದ ಮಾಡು ಎರಡನ್ನು ನೋಡೋಣ.

ಬಟ್ಟೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹಳೆ ಜೀಪಿನ ರೆಕ್ಸಿನ್ ಹೊದಿಕೆ. ಈಗಿನ ಸಾಫ್ಟ್ ಟಾಪ್ ಆ ಜಾತಿಯದ್ದಲ್ಲ. ಸಾಮಾನ್ಯವಾಗಿ ಅದರಲ್ಲಿ ಹೊರಗೆ ದಪ್ಪ ನೇಯ್ಗೆಯ ಅಕ್ರಿಲಿಕ್ ಬಟ್ಟೆ, ನಡುವೆ ರಬ್ಬರ್ ಪದರ, ಅದರ ಕೆಳಗೆ ಇನ್ನೊಂದು ಬಟ್ಟೆ, ಈ ಮೂರೂ ಒತ್ತಿ ಒಂದಾಗಿರುತ್ತವೆ. ದುಬಾರಿ ಕಾರುಗಳಲ್ಲಿ ಇದರ ಕೆಳಗೆ ಸದ್ದು, ಸೆಕೆ ತಡೆಯುವ ಮೆತ್ತೆ, ಆಮೇಲೆ ಒಳಗಿನ ಅಸ್ತರಿ. ನೀರು ತಡೆಯುವ ಕೆಲಸ ನಡುವಿನ ರಬ್ಬರಿನದ್ದು. ಹಾಗಾಗಿ ಮೇಲಿನ ಬಟ್ಟೆ ಒದ್ದೆಯಾಗಿ ಕಪ್ಪಗೆ ಕಂಡರೂ ಒಳಗೆ ಹನಿ ಬೀಳುವುದಿಲ್ಲ. ಹಿಂದಿನ ಕಿಟಕಿಯೂ ಮೊದಲಿನ ಹಾಗೆ ಹಳದಿಗಟ್ಟುವ ಪ್ಲಾಸ್ಟಿಕ್ ಅಲ್ಲ, ಬಹುತೇಕ ಕಾರುಗಳಲ್ಲಿ ಮಂಜು ಆರಿಸುವ ತಂತಿ ಇರುವ ಗಾಜು.

ಹಾಗಾದರೆ ಕನ್ವರ್ಟಿಬಲ್ ಸೋರುವುದು ಎಲ್ಲಿಂದ? ಸಂದಿನಿಂದ. ಬಟ್ಟೆಯ ಮಾಡು ಹೊಲಿದು ಸೇರಿಸಿದ ಒಂದೇ ಹಾಳೆ. ಅದಕ್ಕೆ ಸಂದು ಇರುವುದು ಅಂಚಿನಲ್ಲಿ, ಅಂದರೆ ಮುಂದಿನ ಗಾಜಿನ ಮೇಲೆ, ಬಾಗಿಲ ಗಾಜು ತಾಗುವ ಕಡೆ, ಹಿಂದಿನ ಗಾಜಿನ ಸುತ್ತ. ಲೋಹದ ಮಾಡಿಗೆ ಈ ಅಂಚುಗಳೂ ಇವೆ, ಜೊತೆಗೆ ಹಲಗೆ ಹಲಗೆಯ ನಡುವೆ ಅಡ್ಡ ಸಂದುಗಳೂ ಇವೆ, ಕಾರಿನ ಮೇಲೆ ಎರಡೋ ಮೂರೋ ತುಂಡುಗಳ ಮಾಡು. ಪ್ರತಿ ಸಂದಿಗೂ ಒಂದೊಂದು ರಬ್ಬರ್ ಪಟ್ಟಿ. ಲೋಹ ತಾನೇ, ಸೋರುವುದು ಹೇಗೆ ಅಂತ ನೆಮ್ಮದಿಯಿಂದ ಇರುವವರು ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹೊಸದರಲ್ಲಿ ಎರಡೂ ಸೋರುವುದಿಲ್ಲ. ಎಂಟು ಹತ್ತು ವರ್ಷಕ್ಕೆ ರಬ್ಬರ್ ಗಟ್ಟಿಯಾಗಿ ಚಪ್ಪಟೆಯಾದಾಗ, ಎಲ್ಲಿ ಸಂದು ಜಾಸ್ತಿಯೋ ಅಲ್ಲಿ ಕಿರಿಕಿರಿಯೂ ಜಾಸ್ತಿ.

ನಮ್ಮ ಊರಿಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮಾಡಿನ ಮೇಲೆ ಬಿದ್ದ ನೀರೆಲ್ಲ ಇಳಿದು ಹೋಗಬೇಕಲ್ವಾ? ಕನ್ವರ್ಟಿಬಲ್‌ಗಳಲ್ಲಿ ಮಾಡು ಕೂರುವ ಜಾಗದ ಸುತ್ತ ಒಂದು ದಂಬೆ, ಅಂದರೆ ನೀರು ಹರಿಯುವ ಕಾಲುವೆ, ಇರುತ್ತದೆ. ಅದರ ತಗ್ಗಿನಲ್ಲಿ ಎರಡು ತೂತು. ಅಲ್ಲಿಂದ ಸಣ್ಣ ಕೊಳವೆಗಳು ಹಿಂದಿನ ಚಕ್ರದ ಹತ್ತಿರ ನೀರನ್ನು ಹೊರಗೆ ಬಿಡುತ್ತವೆ. ಆ ತೂತು ಕಿರುಬೆರಳು ಹೊಗಿಸಿದರೆ ಸಿಕ್ಕಿಕೊಳ್ಳುವಷ್ಟು. ಪರಿಚಯದವರೊಬ್ಬರ ಕಾರಿನದ್ದನ್ನು ಬಿಡಿಸುವಾಗ ಪಕ್ಕದಲ್ಲಿ ನಿಂತು ನೋಡಿದ್ದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಹೊಗಿಸಿ ತಿರುಪಿ ಎಳೆದಾಗ ಮೊದಲು ಬಂದದ್ದು ಗಾಳಿ ಮರದ ಸೂಜಿಯಂಥ ಎಲೆಗಳ ಒಂದು ಮುದ್ದೆ, ಅದರ ಬೆನ್ನಿಗೆ ಮರಳು, ಆಮೇಲೆ ಗಳಗಳನೆ ಕೆಂಪು ನೀರು. ಭಾನುವಾರ ಸಂಜೆ ಬೀಚ್ ಬದಿಯ ಗಾಳಿ ಮರದ ನೆರಳಲ್ಲಿ ನಿಲ್ಲಿಸಿದ್ದರ ಬಿಲ್ಲು ಅದು. ತೂತು ಕಟ್ಟಿದರೆ ನೀರು ದಂಬೆ ತುಂಬಿ ಸೀಟಿನ ಹಿಂದೆ ಇಳಿಯುತ್ತದೆ, ಕಾರ್ಪೆಟ್‌ನ ಅಡಿಯ ಸ್ಪಂಜು ಅದನ್ನು ಕುಡಿದು ಸುಮ್ಮನಿರುತ್ತದೆ. ಮೇಲಿಂದ ಮುಟ್ಟಿದರೆ ಒಣಗಿಯೇ ಇದೆ. ಕೆಲವು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಇರುವುದೂ ಸೀಟಿನ ಕೆಳಗೆ ಅಥವಾ ಡಿಕ್ಕಿಯ ತಳದಲ್ಲಿ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಕಾರು ಸ್ಟಾರ್ಟ್ ಆಗದೆ, ಯಾವ ಯಾವುದೋ ದೀಪ ಉರಿದರೆ ಎಷ್ಟೋ ಸಲ ಕಾರಣ ಈ ಎಲೆಯ ಮುದ್ದೆಯೇ. ಇದರಲ್ಲಿ ಬಟ್ಟೆ, ಲೋಹ ಎಂಬ ಭೇದವಿಲ್ಲ. ಎರಡಕ್ಕೂ ದಂಬೆ ಇದೆ, ಎರಡಕ್ಕೂ ತೂತು ಇದೆ. ಮೇ ತಿಂಗಳಲ್ಲಿ ಮನೆಯ ದಂಬೆಯಿಂದ ಕಸ ತೆಗೆಸುವ ದಿನವೇ ಕಾರಿನದ್ದನ್ನೂ ನೋಡಿಬಿಡಿ.

ಈಗ ಲೋಹದ ಮಾಡಿನ ಒಳಗುಟ್ಟು. ಗುಂಡಿ ಒತ್ತಿದಾಗ ಮೊದಲು ಬಾಗಿಲ ಗಾಜುಗಳು ಇಳಿಯುತ್ತವೆ. ಡಿಕ್ಕಿಯ ಮುಚ್ಚಳ ಎಂದಿನಂತಲ್ಲದೆ ಹಿಂದಕ್ಕೆ ಬಾಯಿ ತೆರೆಯುತ್ತದೆ. ಮಾಡಿನ ಕೊಂಡಿ ಬಿಚ್ಚಿ, ಹಲಗೆಗಳು ಒಂದರ ಮೇಲೊಂದು ಮಡಚಿ ಒಳಗಿಳಿದು, ಮುಚ್ಚಳ ಮತ್ತೆ ಕೂರುತ್ತದೆ. ಇದನ್ನೆಲ್ಲ ನಡೆಸುವುದು ಸಾಮಾನ್ಯವಾಗಿ ಒಂದು ಹೈಡ್ರಾಲಿಕ್ ಪಂಪು, ಅದರಿಂದ ಹೊರಟ ಕೊಳವೆಗಳು, ಸಿಲಿಂಡರ್‌ಗಳು. ಒಂದು ಹೆಜ್ಜೆ ಮುಗಿಯಿತು ಅಂತ ಕಂಪ್ಯೂಟರಿಗೆ ಹೇಳಲು ಸಣ್ಣ ಸಣ್ಣ ಸ್ವಿಚ್ಚುಗಳು. ಅದರಲ್ಲೊಂದು ಸ್ವಿಚ್ಚು ಉಪ್ಪುಗಾಳಿಗೆ ಕಿಲುಬು ಹಿಡಿದು ಸುಳ್ಳು ಹೇಳಿದರೆ ಸಾಕು, ಮಾಡು ಅರ್ಧಕ್ಕೆ ನಿಲ್ಲುತ್ತದೆ. ಡಿಕ್ಕಿ ಬಾಯಿ ತೆರೆದು, ಹಲಗೆ ಆಕಾಶಕ್ಕೆ ಎದ್ದು ನಿಂತ ಕಾರನ್ನು ಪಂಪ್‌ವೆಲ್ ಸರ್ಕಲ್‌ನಲ್ಲಿ ಊಹಿಸಿಕೊಳ್ಳಿ, ಅದೂ ಮಳೆ ಹನಿಯಲು ಶುರುವಾದಾಗ. ಬಟ್ಟೆಯ ಮಾಡಿಗೂ ಮೋಟಾರು, ಸ್ವಿಚ್ಚು ಇಲ್ಲದಿಲ್ಲ. ಆದರೆ ಎತ್ತಬೇಕಾದ ಭಾರ ಕಡಿಮೆ, ಹೆಜ್ಜೆಗಳೂ ಕಡಿಮೆ.

ಲೋಹದ ಮಾಡು ಮಡಚುವ ಆಸೆ ಹೊಸತೇನಲ್ಲ. 1930ರ ದಶಕದಲ್ಲೇ ಫ್ರಾನ್ಸಿನಲ್ಲಿ ಜಾರ್ಜ್ ಪೋಲಾಂ ಎಂಬಾತ ಇದನ್ನು ರೂಪಿಸಿ, ಪ್ಯೂಜೊ ಕಾರುಗಳಲ್ಲಿ ಅದು ಬಂತು. ಆತ ಹಲ್ಲಿನ ಡಾಕ್ಟರ್! ಅಮೆರಿಕದಲ್ಲಿ ಫೋರ್ಡ್ 1957ರಲ್ಲಿ ಸ್ಕೈಲೈನರ್ ತಂದು 1959ಕ್ಕೆ ನಿಲ್ಲಿಸಿತು. 1996ರ ಎಸ್‌ಎಲ್‌ಕೆ ಬಂದ ಮೇಲೆ ಮಾತ್ರ ಹಲವು ಕಂಪನಿಗಳು ಅದರ ಹಿಂದೆ ಬಿದ್ದವು. ತಮಾಷೆ ಏನೆಂದರೆ ಈಗ ಅವುಗಳಲ್ಲೇ ಕೆಲವು ಬಟ್ಟೆಗೆ ವಾಪಸ್ ಬಂದಿವೆ. ಬಿಎಂಡಬ್ಲ್ಯು ಜೆಡ್4 2009ರಲ್ಲಿ ಲೋಹದ ಮಾಡು ಪಡೆಯಿತು, 2018ರ ಮಾದರಿಯಲ್ಲಿ ಮತ್ತೆ ಬಟ್ಟೆ. ಮರ್ಸಿಡಿಸ್ ಎಸ್‌ಎಲ್ 2001ರಿಂದ ಲೋಹ, 2021ರ ಮಾದರಿಯಲ್ಲಿ ಬಟ್ಟೆ. ಇದರಿಂದ ಮಾಡಿನ ತೂಕ 21 ಕೆಜಿ ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಫೆರಾರಿಯಂಥ ಫೆರಾರಿಯೂ 2023ರ ರೋಮಾ ಸ್ಪೈಡರ್‌ಗೆ ಬಟ್ಟೆ ಹಾಕಿತು. ತೂಕ ಕಾರಿನ ನೆತ್ತಿಯಲ್ಲಿ ಇದ್ದಷ್ಟೂ ತಿರುವಿನಲ್ಲಿ ಕಾರು ಓಲುತ್ತದೆ. ಆಗುಂಬೆಯ 14 ತಿರುವು ಹತ್ತುವಾಗ ಇದು ನಿಮ್ಮ ಅನುಭವಕ್ಕೂ ಬರಬಹುದು. ಆದರೆ ಬಟ್ಟೆಗೆ ಮರಳಲು ತೂಕದಷ್ಟೇ ದೊಡ್ಡ ಕಾರಣ ಜಾಗ.

ಜೆಡ್4ನ ಉದಾಹರಣೆಯನ್ನೇ ತಗೊಳ್ಳಿ. ಲೋಹದ ಮಾಡಿನ ಹಳೆ ಮಾದರಿಯಲ್ಲಿ ಮಾಡು ಮುಚ್ಚಿದ್ದರೆ ಡಿಕ್ಕಿ 310 ಲೀಟರ್, ತೆರೆದರೆ 180. ಬಟ್ಟೆಯ ಹೊಸ ಮಾದರಿಯಲ್ಲಿ ತೆರೆದರೂ ಮುಚ್ಚಿದರೂ 281. ಅಂದರೆ ಹಳೆ ಕಾರಿನಲ್ಲಿ ಕುಂದಾಪುರಕ್ಕೆ ಮದುವೆಗೆ ಹೊರಟವರು ಎರಡು ಸೂಟ್‌ಕೇಸ್ ಹಾಕಿಕೊಂಡಿದ್ದರೆ ದಾರಿಯಿಡೀ ಮಾಡು ಮುಚ್ಚಿಯೇ ಹೋಗಬೇಕು. ಮಾಡು ತೆರೆಯಲೆಂದೇ ತಗೊಂಡ ಕಾರು! ಸಮಯದಲ್ಲೂ ವ್ಯತ್ಯಾಸವಿದೆ. ಹೊಸ ಬಟ್ಟೆಯ ಮಾಡು 10 ಸೆಕೆಂಡಿನಲ್ಲಿ, ಗಂಟೆಗೆ 50 ಕಿ.ಮೀ. ವೇಗದವರೆಗೂ ಓಡುತ್ತಲೇ ಮುಚ್ಚಿಕೊಳ್ಳುತ್ತದೆ. ಹಳೆಯ ಲೋಹದ್ದಕ್ಕೆ ಅದರ ಎರಡು ಪಟ್ಟು ಹೊತ್ತು ಬೇಕು. ಅಕ್ಟೋಬರಿನಲ್ಲಿ ಸಂಜೆ ನಾಲ್ಕಕ್ಕೆ ಗುಡುಗಿ ಐದು ನಿಮಿಷದಲ್ಲಿ ಸುರಿಯುವ ನಮ್ಮ ಮಳೆಗೆ, ಪಡುಬಿದ್ರಿಯ ಟ್ರಾಫಿಕ್ ನಡುವೆ, ಆ ಹತ್ತು ಸೆಕೆಂಡಿಗೂ ಬೆಲೆ ಇದೆ.

ಇಷ್ಟು ಓದಿದರೆ ನಾನು ಬಟ್ಟೆಯ ಪಕ್ಷ ಅನ್ನಿಸಬಹುದು. ಪೂರ್ತಿ ಅಲ್ಲ. ಬಟ್ಟೆಗೆ ನಮ್ಮ ಕರಾವಳಿಯಲ್ಲಿ ಒಬ್ಬ ದೊಡ್ಡ ವೈರಿ ಇದ್ದಾನೆ, ಬೂಷ್ಟು. ಸೋರುವ ಮಾತು ಬೇರೆ, ಒಣಗದಿರುವ ಮಾತು ಬೇರೆ. ಜುಲೈಯಲ್ಲಿ ಹಗ್ಗದ ಮೇಲೆ ಹಾಕಿದ ಜೀನ್ಸ್ ಪ್ಯಾಂಟು ಎಷ್ಟು ದಿನಕ್ಕೆ ಒಣಗುತ್ತದೆ ಅಂತ ನಿಮಗೆ ಗೊತ್ತು. ಅದೇ ದಪ್ಪದ ಬಟ್ಟೆ ಕಾರಿನ ಮೇಲಿದೆ. ಅದು ಬಯಲಲ್ಲಿ ನಿಂತಿದ್ದರೆ ಜೂನ್‌ನಲ್ಲಿ ಒದ್ದೆಯಾದದ್ದು ಸೆಪ್ಟೆಂಬರ್‌ವರೆಗೂ ಪೂರ್ತಿ ಒಣಗುವುದೇ ಅನುಮಾನ. ಹೊಲಿಗೆಯ ಗೆರೆಗಳಲ್ಲಿ ಮೊದಲು ಹಸಿರು ಪಾಚಿ ಕಾಣುತ್ತದೆ, ಆಮೇಲೆ ಒಳ ಅಸ್ತರಿಯಲ್ಲಿ ಕಪ್ಪು ಚುಕ್ಕಿ, ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಪಾಚಿ ಉಜ್ಜಿದರೆ ಹೋಗುತ್ತದೆ. ಕಪ್ಪು ಚುಕ್ಕಿ ಪೂರ್ತಿ ಹೋಗುವುದಿಲ್ಲ. ತಿಳಿ ಬಣ್ಣದ ಮಾಡಿನಲ್ಲಂತೂ ಎದ್ದು ಕಾಣುತ್ತದೆ. ಒದ್ದೆ ಮಾಡನ್ನು ಮಡಚಿ ಒಂದು ರಾತ್ರಿ ಹಾಗೇ ಬಿಡುವುದಂತೂ ಬೂಷ್ಟಿಗೆ ಕೈಯಾರೆ ಆಹ್ವಾನ. ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸುವುದೂ ಅಷ್ಟೇ ಕೆಟ್ಟದ್ದು, ಒಳಗಿನ ತೇವ ಒಳಗೇ ಉಳಿಯುತ್ತದೆ.

ಉಳಿದ ವೈರಿಗಳು ಸಣ್ಣವರು. ಬೆಚ್ಚಗಿದೆ ಅಂತ ಬೆಕ್ಕು ಬಟ್ಟೆಯ ಮೇಲೆ ಮಲಗುತ್ತದೆ, ಏಳುವಾಗ ಉಗುರು ಎಳೆಯುತ್ತದೆ. ಇಲಿಗೆ ಒಳಗಿನ ಮೆತ್ತೆ ಇಷ್ಟ. ಬ್ಲೇಡ್ ಹಾಕುವ ಕಿಡಿಗೇಡಿಗಳ ಭಯ ಇದೆ, ನಿಜ. ಆದರೆ ಕಳ್ಳನಿಗೆ ಲೋಹದ ಮಾಡಿನ ಕಾರಿನಲ್ಲೂ ಗಾಜು ಒಡೆಯಲು ಒಂದು ಕಲ್ಲು ಸಾಕು. ಇನ್ನು ತೆಂಗಿನ ಮರ. ಕಾಯಿ ಬಿದ್ದರೆ ಲೋಹ ನಜ್ಜುಗುಜ್ಜಾಗುತ್ತದೆ, ಬಟ್ಟೆ ಹರಿಯುತ್ತದೆ ಅಥವಾ ಒಳಗಿನ ಕಂಬಿ ಬಾಗುತ್ತದೆ. ಯಾವುದು ಮೇಲು ಅಂತ ಚರ್ಚೆ ಮಾಡುವ ಬದಲು ತೆಂಗಿನ ಬುಡದಲ್ಲಿ ನಿಲ್ಲಿಸದಿರುವುದು ಮೇಲು.

ಹಾಗಾಗಿ ನನ್ನ ಪ್ರಕಾರ ಇಲ್ಲಿ ತೀರ್ಮಾನ ಮಾಡುವುದು ಕಾರಿನ ಮಾಡು ಅಲ್ಲ, ಕಾರು ರಾತ್ರಿ ನಿಲ್ಲುವ ಜಾಗದ ಮಾಡು. ಮನೆಗೆ ಪೋರ್ಟಿಕೊ ಇದ್ದರೆ, ಗಾಳಿ ಆಡುವ ಶೆಡ್ಡು ಇದ್ದರೆ, ಫ್ಲ್ಯಾಟಿನ ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್ ಇದ್ದರೆ ಕಣ್ಣು ಮುಚ್ಚಿ ಬಟ್ಟೆಯ ಮಾಡು ತಗೊಳ್ಳಿ. ಹಗುರ, ಡಿಕ್ಕಿ ಉಳಿಯುತ್ತದೆ, ಕೆಟ್ಟರೂ ದುರಸ್ತಿ ಸರಳ. ನೆಲದಡಿಯ ಪಾರ್ಕಿಂಗ್ ಆದರೆ ಒಂದು ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದಾ, ಗೋಡೆ ಬೆವರುತ್ತದಾ ನೋಡಿಕೊಳ್ಳಿ. ರಸ್ತೆ ಬದಿಯಲ್ಲೋ ಬಯಲಲ್ಲೋ ನಿಲ್ಲಿಸಬೇಕಾದವರಿಗೆ ಲೋಹದ ಮಾಡೇ ವಾಸಿ. ಅದು ನೀರು ಕುಡಿಯುವುದಿಲ್ಲ, ಒರೆಸಿದರೆ ಒಣಗುತ್ತದೆ, ಬೂಷ್ಟು ಹಿಡಿಯಲು ಮೇಲೆ ಬಟ್ಟೆಯೇ ಇಲ್ಲ. ಕಡಲ ಬದಿಯಲ್ಲೇ ಮನೆ, ಕಾರು ನಿಲ್ಲುವುದು ಬಯಲಲ್ಲಿ ಅನ್ನುವವರಿಗೆ ಮಾತ್ರ ಎರಡೂ ಬೇಡ ಅನ್ನುತ್ತೇನೆ. ಮೊದಲು ಶೆಡ್ಡು ಕಟ್ಟಿಸಿ, ಆಮೇಲೆ ಕಾರು.

ಆದರೆ ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟಕುವುದು ಸೆಕೆಂಡ್ ಹ್ಯಾಂಡ್ ಕಾರು. ಅಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಲೋಹದ ಮಾಡಿನ ಕಾರುಗಳ ಕಾಲ ಮುಗಿದು ಈಗ ಅವು ಹಳೆಯವಾಗಿ ಮಾರಾಟಕ್ಕೆ ಬರುತ್ತಿವೆ, ಬೆಲೆಯೂ ಆಸೆ ಹುಟ್ಟಿಸುವಂತಿರುತ್ತದೆ. ಹರಿದ ಬಟ್ಟೆಯನ್ನು ದುಡ್ಡು ಕೊಟ್ಟು ಬದಲಿಸಬಹುದು. ವಯಸ್ಸಾದ ಹೈಡ್ರಾಲಿಕ್ ಮಾಡಿನಲ್ಲಿ ಇವತ್ತು ಸಿಲಿಂಡರ್, ನಾಳೆ ಸ್ವಿಚ್ಚು, ನಾಡಿದ್ದು ಪಂಪು ಅಂತ ಕೊನೆ ಇರುವುದಿಲ್ಲ, ಬಿಡಿ ಭಾಗ ವಿದೇಶದಿಂದಲೇ ಬರಬೇಕಾಗಬಹುದು. ಶೆಡ್ಡು ಇಲ್ಲದವರು ಲೋಹದ ಮಾಡಿನ ಹಳೆ ಕಾರು ನೋಡುವುದಾದರೆ ಮಾಡಿನ ದುರಸ್ತಿಗೆ ಬೇರೆಯೇ ದುಡ್ಡು ತೆಗೆದಿಟ್ಟು ಮಾತಿಗೆ ಕೂರಿ.

ನೋಡಲು ಹೋಗುವುದು ಜುಲೈಯಲ್ಲಿ. ಡಿಸೆಂಬರಿನಲ್ಲಿ ಎಲ್ಲ ಕಾರುಗಳೂ ಚೆನ್ನಾಗಿಯೇ ಇರುತ್ತವೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಕೆಲಸ ಕೊಡಿ; ಸುಗಂಧದ ಡಬ್ಬಿ ಎರಡು ಮೂರು ಇಟ್ಟಿದ್ದರೆ ಅನುಮಾನ ಪಡಿ. ಮ್ಯಾಟ್ ಎತ್ತಿ ಕಾರ್ಪೆಟನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಸೀಟಿನ ಹಿಂದೆ ಕೈ ಹೊಗಿಸಿ ನೋಡಿ. ಡಿಕ್ಕಿಯ ತಳದ ಹಲಗೆ ಎತ್ತಿ, ಅಡಿಯ ಗುಂಡಿಯಲ್ಲಿ ನೀರು ನಿಂತ ಗೆರೆ ಇದೆಯಾ ಗಮನಿಸಿ. ಮಳೆ ಬಿಟ್ಟಿದ್ದರೆ ಪೈಪಿನಿಂದ ಮಾಡಿನ ಮೇಲೆ ಹತ್ತು ನಿಮಿಷ ನಿಧಾನಕ್ಕೆ ನೀರು ಬಿಡಿ. ಹಿಂದಿನ ಚಕ್ರಗಳ ಹತ್ತಿರ ಎರಡೂ ಬದಿ ನೀರು ಇಳಿಯಬೇಕು, ಒಂದೇ ಬದಿ ಇಳಿದರೆ ಇನ್ನೊಂದು ಕೊಳವೆ ಕಟ್ಟಿದೆ. ಬಟ್ಟೆಯಾದರೆ ಹಿಂದಿನ ಗಾಜಿನ ಸುತ್ತ ಅಂಟು ಬಿಟ್ಟಿದೆಯಾ ಅಂತ ಉಗುರಿನಿಂದ ಮೆಲ್ಲಗೆ ತಡಕಿ. ಲೋಹವಾದರೆ ಎಂಜಿನ್ ಚಾಲೂ ಇಟ್ಟು ಮಾಡನ್ನು ಎರಡು ಮೂರು ಸಲ ತೆರೆದು ಮುಚ್ಚಿಸಿ. ಒಂದು ಸಲ ಸರಿಯಾಗಿ ಆಯಿತು ಅಂತ ಬಿಡಬೇಡಿ. ಮುಂದಿನ ಕೊಂಡಿಯ ಹತ್ತಿರ ಅಸ್ತರಿಯಲ್ಲಿ ಎಣ್ಣೆಯ ಕಲೆ ಕಂಡರೆ ಹೈಡ್ರಾಲಿಕ್ ಸೋರುತ್ತಿದೆ ಎಂದೇ ಅರ್ಥ. "ಮಾಡು ಈಗ ತೆರೆಯಲ್ಲ ಸಾರ್, ಬ್ಯಾಟರಿ ವೀಕ್ ಇದೆ" ಅಂದವರಿಗೆ ಬ್ಯಾಟರಿ ಹಾಕಿಸಿ ಫೋನ್ ಮಾಡಲು ಹೇಳಿ ಬನ್ನಿ.

ತಗೊಂಡ ಮೇಲೆ ರಬ್ಬರ್ ಪಟ್ಟಿಗಳಿಗೆ ವರ್ಷಕ್ಕೆ ಎರಡು ಸಲ ರಬ್ಬರಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ತೆಂಗಿನೆಣ್ಣೆ, ವ್ಯಾಸಲೀನ್, ಸೀಮೆಎಣ್ಣೆ ಯಾವುದೂ ಬೇಡ, ಎಣ್ಣೆಗೆ ಆ ರಬ್ಬರ್ ಉಬ್ಬಿ ಮೆದುವಾಗುತ್ತದೆ. ಬಟ್ಟೆಯನ್ನು ಮೆದು ಬ್ರಷ್ಷಿನಿಂದ ತೊಳೆದು, ಒಣಗಿಸಿ, ಮಳೆಗಾಲಕ್ಕೆ ಮೊದಲು ನೀರು ಹಿಡಿಯದ ದ್ರಾವಣ ಒಮ್ಮೆ ಹಚ್ಚಿದರೆ ಒಳ್ಳೆಯದು. ಸರ್ವಿಸ್ ಸ್ಟೇಷನ್ನಿನವರು ಜೋರು ನೀರಿನ ಗನ್ನನ್ನು ಮಾಡಿನ ಹತ್ತಿರ ತಾರದ ಹಾಗೆ ನೀವೇ ನಿಂತು ನೋಡಿಕೊಳ್ಳಬೇಕು. ಮಳೆಗಾಲದಲ್ಲೂ ಬಿಸಿಲು ಬಿದ್ದ ದಿನ ಮಾಡನ್ನು ಒಂದು ಸಲ ತೆರೆದು ಮುಚ್ಚಿ. ರಬ್ಬರ್ ಅಂಟುವುದಿಲ್ಲ, ಒಳಗೂ ಗಾಳಿ ಆಡುತ್ತದೆ.

ಈಗ ಥಾರ್. 2020ರಲ್ಲಿ ಹೊಸ ಥಾರ್ ಬಂದಾಗ ಮಡಚುವ ಬಟ್ಟೆಯ ಮಾಡೂ ಇತ್ತು, ಗಟ್ಟಿ ಮಾಡೂ ಇತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡೂ ನೋಡಲು ಸಿಗುತ್ತವೆ. ಬಟ್ಟೆಯದ್ದನ್ನು ಕೈಯಿಂದಲೇ ಬಿಚ್ಚಬೇಕು. ಮಳೆ ಬಂದಾಗ ಹತ್ತು ಸೆಕೆಂಡಿನ ಆಟ ಅಲ್ಲ ಅದು, ಇಳಿದು ಕೊಂಡಿ ಹಾಕಿ ಝಿಪ್ ಎಳೆಯುವ ಕೆಲಸ. ಇಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ. ಒಂದು ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ. ಮನೆಯಲ್ಲಿ ಇದೊಂದೇ ಕಾರು, ದಿನಾ ಆಫೀಸಿಗೆ, ಮಕ್ಕಳ ಶಾಲೆಗೆ ಅಂತಾದರೆ ಗಟ್ಟಿ ಮಾಡಿನದ್ದೇ ಸರಿ. ಮಳೆಗೆ ಬೇರೆ ಕಾರು ಇದೆ ಅನ್ನುವವರಿಗೆ ಮಾತ್ರ ಬಟ್ಟೆಯದ್ದು.

"ಈಗ ಬಟ್ಟೆಯದ್ದು ತಗೊಂಡು ಆಮೇಲೆ ಹೊರಗೆ ಫೈಬರ್ ಮಾಡು ಕೂರಿಸಿದರಾಯ್ತಲ್ಲ" ಅನ್ನುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಕೆಎ 19 ಆಗಲಿ ಕೆಎ 20 ಆಗಲಿ, ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಇಲ್ಲವಾದರೆ ಅಪಘಾತದ ಕ್ಲೇಮಿನ ಹೊತ್ತಿಗೆ ವಿಮೆಯವರು ತಕರಾರು ತೆಗೆಯಲು ಒಂದು ದಾರಿ ಸಿಕ್ಕಂತಾಗುತ್ತದೆ.

ವಿಮೆಯ ವಿಷಯದಲ್ಲಿ ಇನ್ನೊಂದಿದೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಅಂತ ಶೇ 50 ಕಡಿತ, ಫೈಬರ್ ಗ್ಲಾಸಿಗೆ ಶೇ 30, ಗಾಜಿಗೆ ಕಡಿತವಿಲ್ಲ. ನಿಮ್ಮ ಕಾರಿನ ಬಟ್ಟೆಯ ಮಾಡನ್ನು ಇದರಲ್ಲಿ ಯಾವುದಕ್ಕೆ ಸೇರಿಸುತ್ತೀರಿ ಅಂತ ಪಾಲಿಸಿ ಮಾಡಿಸುವಾಗಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬೂಷ್ಟು ಹಿಡಿದದ್ದು, ರಬ್ಬರ್ ಸವೆದದ್ದು, ಪಂಪು ವಯಸ್ಸಾಗಿ ನಿಂತದ್ದು ಯಾವ ಕ್ಲೇಮಿಗೂ ಬರುವುದಿಲ್ಲ. ಅದು ಪೂರ್ತಿ ನಿಮ್ಮ ಜೇಬಿನದ್ದು.